ಅಡಿಕೆ ಮರ ಬಿಡಿಸೋದು ಯಾರೂ ಹೇಳಿಕೊಟ್ಟಿರಲಿಲ್ಲ

"ಹೆಸರು ನೋಡದೇನೇ ನಿಮ್ಮ ಚಿತ್ರ ಅಂತ ಗೊತ್ತಾಗ್ತದೆ. ಈ ಸ್ಟೈಲ್ ಹೇಗೆ ಬಂತು?" ಚಿತ್ರ ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಕೇಳುವಾಗ ಅವರ ಕೈಯಲ್ಲಿ ಮೊಬೈಲ್ ಇರುತ್ತದೆ. ಅದರೊಳಗೆ ಜಗತ್ತಿನ ಚಿತ್ರಕಾರರೆಲ್ಲ ಇರುತ್ತಾರೆ. ಇವರಲ್ಲಿ ಯಾರ ಹಾಗೆ ಬಿಡಿಸಲಿ ಎಂಬುದೇ ಅವರ ಗೊಂದಲ. ಅದು ಹಾಗೆ ಆರಿಸಿಕೊಂಡು ತರುವ ವಸ್ತುವಲ್ಲ ಅಂದರೆ ಮುಖ ಸಣ್ಣದಾಗುತ್ತದೆ. ಹಾಗಾದರೆ ಎಲ್ಲಿಂದ ಬರುತ್ತದೆ? ನನಗೆ ಬಂದ ದಾರಿಯನ್ನು ಬರೆಯುತ್ತೇನೆ. ಬೇರೆಯವರ ದಾರಿ ಬೇರೆ ಇರಬಹುದು.

ನನ್ನ ಊರು ಸಿರ್ಸಿ ಹತ್ತಿರದ ಹಳ್ಳಿ. ಅಡಿಕೆ ತೋಟದ ಮನೆ. ನೌಕರಿಗಾಗಿ ಕಾರವಾರದಲ್ಲಿದ್ದೇನೆ. ಸಂಜೆ ಮತ್ತು ರಜೆಯ ದಿನ ಇಂಕು, ಪೆನ್ನು ಹಿಡಿದು ಕೂರುತ್ತೇನೆ. ಮದುವೆ ಕಾಗದ, ಪುಸ್ತಕದ ಮುಖಪುಟ, ಆಟದ ಆಮಂತ್ರಣ, ಹೀಗೆ ಯಾರಾದರೂ ಕೇಳಿದರೆ ಮಾಡಿಕೊಡುತ್ತೇನೆ. ಆಟ ಅಂದರೆ ನಮ್ಮ ಕಡೆ ಯಕ್ಷಗಾನ.

ಮೊದಲು ನಕಲಿನ ವಿಷಯ. ನಾನು ವರ್ಷಗಟ್ಟಲೆ ನಕಲು ಮಾಡಿದ್ದೇನೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾ. ಗೋವಾಕ್ಕೆ ಹೋದವರಿಗೆ ಅಲ್ಲಿನ ವ್ಯಂಗ್ಯಚಿತ್ರಕಾರ ಮಾರಿಯೊ ಮಿರಾಂಡ ಅವರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಚಹಾ ಲೋಟದ ಮೇಲೆ, ಟೈಲ್ಸ್ ಮೇಲೆ, ಟೀ ಶರ್ಟಿನ ಮೇಲೆ, ಎಲ್ಲೆಲ್ಲೂ ಅವರೇ. ತುಂಬಿ ತುಳುಕುವ ಜನ, ಗುಂಡು ಕಣ್ಣು, ನೆಲದ ಚೌಕಗಳಿಂದ ಹಿಡಿದು ಅಂಗಿಯ ಹೂವಿನವರೆಗೆ ಬಿಡದೆ ತುಂಬಿದ ಸಣ್ಣ ಗೆರೆ. ನಾನು ಮರುಳಾದೆ. ಒಂದು ಇಡೀ ಪುಸ್ತಕ ತುಂಬ ಅವರ ಚಿತ್ರಗಳನ್ನೇ ನೋಡಿ ಬಿಡಿಸಿದೆ. ಅದರಿಂದ ಕೈ ಪಳಗಿತು. ಪೆನ್ನನ್ನು ಎಲ್ಲಿ ಎತ್ತಬೇಕು, ಕಪ್ಪನ್ನು ಎಲ್ಲಿ ಇಟ್ಟರೆ ಕಣ್ಣು ಅಲ್ಲಿಗೆ ಹೋಗುತ್ತದೆ ಅನ್ನುವುದೆಲ್ಲ ಹಾಗೇ ತಿಳಿಯಿತು. ಅಂದ ಹಾಗೆ, ಮಾರಿಯೊ ಕೂಡ ಒಂದು ಕಾಲದಲ್ಲಿ ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ರೊನಾಲ್ಡ್ ಸರ್ಲ್ ಅವರ ಗೆರೆಗೆ ಮರುಳಾಗಿದ್ದವರೇ. ಅದಕ್ಕೂ ಮೊದಲು, ಹುಡುಗನಾಗಿದ್ದಾಗ, ದಿನಚರಿಯನ್ನು ಅಕ್ಷರದ ಬದಲು ಚಿತ್ರದಲ್ಲಿ ಬರೆಯುವ ಅಭ್ಯಾಸ ಅವರಿಗಿತ್ತು. ಸರ್ಲ್ ಗೆರೆ ಬಂದು ಕೂತದ್ದು ಆ ದಿನಚರಿಯ ಮೇಲೆ. ಅವರನ್ನು ನಕಲು ಮಾಡುವ ನಮಗೆ ಕಾಣುವುದು ಗೆರೆ ಮಾತ್ರ, ದಿನಚರಿ ಕಾಣುವುದಿಲ್ಲ.

ಇದು ನನಗೆ ಗೊತ್ತಾದದ್ದು ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ. ಅಲ್ಲಿ ಕೂತು ಬಿಡಿಸಿದರೆ ನಮ್ಮ ಮೀನು ಮಾರುವ ಹೆಂಗಸರು ಕಾಗದದ ಮೇಲೆ ಗೋವಾದ ಹೆಂಗಸರಾಗಿ ಇಳಿಯುತ್ತಿದ್ದರು. ಕಣ್ಣು ಮಾರಿಯೊದು, ನಗು ಮಾರಿಯೊದು. ಎದುರಿಗೆ ಇರುವವರು ಹಾಗೆ ನಗುತ್ತಲೇ ಇರಲಿಲ್ಲ. ಮೊಣಕಾಲು ಎತ್ತಿ, ಒಂದು ಕೈ ಬುಟ್ಟಿಯ ಅಂಚಿಗೆ ಊರಿ, ಇನ್ನೊಂದು ಕೈಯಲ್ಲಿ ಬಂಗಡೆಯ ಮೇಲೆ ನೀರು ಚಿಮುಕಿಸುತ್ತ, ಗಿರಾಕಿಯ ಮುಖ ನೋಡದೆಯೇ ರೇಟು ಹೇಳುತ್ತಿದ್ದರು. ಆ ಕೂರುವ ಭಂಗಿಯೇ ಅಲ್ಲಿನ ಮುಖ್ಯ ವಿಷಯ. ಮಾರಿಯೊ ಗೆರೆಯಲ್ಲಿ ಮುಖಕ್ಕೆ ಜಾಗ ಜಾಸ್ತಿ, ನನಗೆ ಬೇಕಾಗಿದ್ದದ್ದು ಬೆನ್ನು ಮತ್ತು ಮೊಣಕಾಲು.

ಆಮೇಲೆ ನಾನು ನಕಲು ಬಿಡಲಿಲ್ಲ, ನಕಲು ಮಾಡುವ ರೀತಿ ಬದಲಿಸಿದೆ. ಒಂದು ಪ್ರಶ್ನೆ ಇಟ್ಟುಕೊಂಡೇ ಕೂರುತ್ತಿದ್ದೆ. ಇವರು ದೂರವನ್ನು ಹೇಗೆ ತೋರಿಸುತ್ತಾರೆ? ಬಟ್ಟೆಯ ನಿರಿಗೆ ಎಷ್ಟು ಗೆರೆಯಲ್ಲಿ ಮುಗಿಯುತ್ತದೆ? ಏನನ್ನು ಬಿಟ್ಟಿದ್ದಾರೆ? ಉತ್ತರ ಸಿಕ್ಕ ಕೂಡಲೇ ಮೂಲ ಚಿತ್ರ ಮುಚ್ಚಿಡುತ್ತಿದ್ದೆ. ಮರುದಿನ ನೆನಪಿನಿಂದಲೇ ಅದನ್ನು ಬಿಡಿಸುತ್ತಿದ್ದೆ. ನೆನಪು ಎಲ್ಲವನ್ನೂ ಹಿಡಿದಿಡುವುದಿಲ್ಲ. ಬಿಟ್ಟುಹೋದ ಜಾಗವನ್ನು ಕೈ ತನಗೆ ತೋಚಿದ ಹಾಗೆ ತುಂಬುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಆ ವ್ಯತ್ಯಾಸವೇ ನನಗೆ ಬೇಕಿತ್ತು. ಯಾರನ್ನೇ ನೋಡಿ ಬಿಡಿಸಲಿ, ನನ್ನ ಜನ ಸ್ವಲ್ಪ ಕುಳ್ಳಗಾಗಿ, ಅಗಲವಾಗಿ ಬರುತ್ತಿದ್ದರು. ಗೆರೆ ಕೆಳಗೆ ಬರುತ್ತಾ ದಪ್ಪವಾಗುತ್ತಿತ್ತು. ಇದನ್ನು ಮೊದಲು ತಿದ್ದಲು ಹೊರಟಿದ್ದೆ. ಆಮೇಲೆ ಸುಮ್ನೆ ಬಿಟ್ಟೆ. ಈಗ ಜನ ಗುರುತು ಹಿಡಿಯುವುದು ಅದರಿಂದಲೇ.

ಆದರೆ ನಿಜವಾದ ಪಾಠ ಆದದ್ದು ಅಡಿಕೆ ತೋಟದಲ್ಲಿ. ಪೆನ್ ಡ್ರಾಯಿಂಗ್ ಕಲಿಸುವ ಪುಸ್ತಕಗಳು, ವಿಡಿಯೊಗಳು ಬೇಕಾದಷ್ಟಿವೆ. ಓಕ್ ಮರ, ಪೈನ್ ಮರ, ಇಟ್ಟಿಗೆ ಗೋಡೆ, ಹಳೆಯ ಚರ್ಚು, ಎಲ್ಲಕ್ಕೂ ಅದರಲ್ಲಿ ದಾರಿ ಇದೆ. ಅಡಿಕೆ ಮರಕ್ಕೆ ಇಲ್ಲ. ಅಡಿಕೆ ಮರ ನೋಡಲು ಸರಳ. ಒಂದು ನೆಟ್ಟಗಿನ ಕಾಂಡ, ಅದಕ್ಕೆ ಉಂಗುರ, ತುದಿಯಲ್ಲಿ ಸೋಗೆ. ಒಂದೇ ಮರವಾದರೆ ಸರಿ. ತೋಟ ಅಂದರೆ ನೂರಾರು ಮರ. ನಾನು ಎಲ್ಲಾ ಕಾಂಡ, ಎಲ್ಲಾ ಉಂಗುರ, ಎಲ್ಲಾ ಸೋಗೆ ಬಿಡಿಸಿದೆ. ಒಂದು ವಾರ ಕೂತು ಬಿಡಿಸಿದ್ದನ್ನು ಮನೆಗೆ ಒಯ್ದು ತೋರಿಸಿದೆ. ಆಯಿ ಕನ್ನಡಕ ಹಾಕಿಕೊಂಡು ನೋಡಿ, "ಇದು ನಮ್ಮನೆ ತೋಟ ಅಲ್ದೋ, ಜೈಲಿನ ಸರಳು ಇದ್ದಾಂಗೆ ಇದ್ದು" ಎಂದಳು.

ಸರಿಯಾಗೇ ಹೇಳಿದ್ದಳು. ಮತ್ತೆ ತೋಟಕ್ಕೆ ಹೋಗಿ ಕಾಲುವೆಯ ಅಂಚಿಗೆ ಸುಮ್ಮನೆ ನಿಂತೆ, ಪೆನ್ನು ತೆಗೆಯಲಿಲ್ಲ. ನಿಂತಲ್ಲಿಂದ ಏನು ಕಾಣುತ್ತದೆ? ಸೋಗೆ ಕಾಣುವುದೇ ಇಲ್ಲ, ಕತ್ತೆತ್ತಿದರೆ ಮಾತ್ರ. ಉಂಗುರಗಳು ಹತ್ತಿರದ ಎರಡು ಮೂರು ಮರದಲ್ಲಿ ಬಿಟ್ಟರೆ ಕಾಣುವುದಿಲ್ಲ. ಬಿಸಿಲು ಮೇಲಿಂದ ತುಂಡು ತುಂಡಾಗಿ ಬೀಳುತ್ತದೆ. ಕಾಂಡಗಳು ಬೂದು ಬಿಳಿ. ಅವುಗಳ ನಡುವಿನ ಜಾಗ ಕತ್ತಲು. ಏಲಕ್ಕಿ, ಕಾಳುಮೆಣಸಿನ ಬಳ್ಳಿ, ಬಾಳೆ ಎಲ್ಲ ಸೇರಿದ ಕತ್ತಲು. ಅಂದರೆ ನಾನು ಬಿಡಿಸಬೇಕಾದದ್ದು ಮರವನ್ನಲ್ಲ, ಮರದ ನಡುವಿನ ಕತ್ತಲನ್ನು. ಕಾಂಡವನ್ನು ಖಾಲಿ ಕಾಗದವಾಗಿ ಬಿಟ್ಟರೆ ಸಾಕು.

ಹಾಗೆ ಮಾಡಿದೆ. ಕಾಂಡಗಳು ಚಿತ್ರದ ಮೇಲಂಚಿನಲ್ಲಿ ಕತ್ತರಿಸಿ ಹೋಗುತ್ತವೆ, ತುದಿಯೇ ಇಲ್ಲ. ಒಂದೋ ಎರಡೋ ಕಾಂಡಕ್ಕೆ ಮಾತ್ರ ಉಂಗುರ. ಉಳಿದದ್ದೆಲ್ಲ ನಡುವೆ ತುಂಬಿದ ಕಪ್ಪು. ಆ ಕಪ್ಪಿಗೂ ಒಂದೇ ಬಗೆಯ ಗೆರೆ ಸಾಕಾಗಲಿಲ್ಲ. ಕ್ರಾಸ್ ಹ್ಯಾಚಿಂಗ್, ಅಂದರೆ ಗೆರೆಯ ಮೇಲೆ ಅಡ್ಡ ಗೆರೆ, ಮಾಡಿದರೆ ಬಲೆ ಹಾಕಿದ ಹಾಗೆ ಕಂಡು ತೋಟದ ಒದ್ದೆತನ ಹೋಗುತ್ತಿತ್ತು. ಕೊನೆಗೆ ಎಲೆಯ ಆಕಾರದ ಚಿಕ್ಕ ಚಿಕ್ಕ ಗೀಚುಗಳು ಸರಿಹೋದವು. ಇವತ್ತು ನನ್ನ ಚಿತ್ರದಲ್ಲಿ ಜನ ಗುರುತಿಸುವ ಬಿಳಿ ಕಾಂಡ, ಕತ್ತರಿಸಿದ ಮೇಲಂಚು, ಗೀಚಿನ ಕಪ್ಪು ಮೂರೂ ಒಟ್ಟಿಗೆ ಸೇರಿದ್ದು ಇಲ್ಲಿ. ಶೈಲಿ ಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ. ತೋಟ ತೋಟದ ಹಾಗೆ ಕಾಣಬೇಕು ಅಂತಷ್ಟೇ ಒದ್ದಾಡಿದ್ದೆ.

ಆದ್ದರಿಂದ ಕೇಳಿದವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಮೆಚ್ಚಿನ ಚಿತ್ರಕಾರ ಯಾವತ್ತೂ ಬಿಡಿಸದ ವಸ್ತುವೊಂದನ್ನು ಹಿಡಿದುಕೊಳ್ಳಿ. ಅದು ನಿಮಗೆ ಚೆನ್ನಾಗಿ ಗೊತ್ತಿರುವುದಾಗಿರಲಿ. ಚಿರೆಕಲ್ಲಿನ ಪಾಗಾರ (ಕಾಂಪೌಂಡು ಗೋಡೆ) ಇರಬಹುದು, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವವರು ಇರಬಹುದು, ದಂಡೆಗೆ ರಂಪಣಿ ಬಲೆ ಎಳೆಯುವ ಸಾಲು ಇರಬಹುದು. ಎರವಲು ತಂದ ಗೆರೆ ಅಲ್ಲಿ ಕೆಲಸ ಮಾಡುವುದಿಲ್ಲ. ಕೆಲಸ ಮಾಡದೇ ಹೋದಲ್ಲಿ ನೀವೇ ಏನಾದರೂ ಹುಡುಕಬೇಕಾಗುತ್ತದೆ.

ಮಳೆಯೂ ನನಗೆ ಇದನ್ನೇ ಮಾಡಿಸಿತು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆಗ ಕಾಗದ ಗಾಳಿಯ ನೀರನ್ನು ಕುಡಿದು ಮೆತ್ತಗಾಗುತ್ತದೆ. ನಿಬ್ಬಿನಿಂದ ಎಳೆದ ಗೆರೆ ಎರಡೂ ಕಡೆ ಕೂದಲು ಬಿಟ್ಟಂತೆ ಹರಡುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಾಗದ ಇಟ್ಟೆ. ಹೊರಗೆ ತೆಗೆದ ಅರ್ಧ ಗಂಟೆಯಲ್ಲಿ ಮತ್ತೆ ಅದೇ ಕಥೆ. ಕೊನೆಗೆ ಸೋತು ಅಂಗಡಿಯ ಮಾಮೂಲಿ ಬಾಲ್ ಪೆನ್ ಹಿಡಿದೆ. ಅದರ ಶಾಯಿ ಎಣ್ಣೆಯದ್ದು, ಮೆತ್ತಗಿನ ಕಾಗದದ ಮೇಲೂ ಹರಡುವುದಿಲ್ಲ. ಆದರೆ ಅದು ಕಡುಕಪ್ಪು ಕೊಡುವುದಿಲ್ಲ. ಒತ್ತಿದರೆ ಸ್ವಲ್ಪ ಗಾಢ, ಮೆಲ್ಲಗೆ ಎಳೆದರೆ ಬೂದು. ಹೀಗಾಗಿ ನನ್ನ ಬೇಸಿಗೆಯ ಚಿತ್ರಗಳು ಕಪ್ಪು ಬಿಳುಪು, ಮಳೆಗಾಲದ ಚಿತ್ರಗಳೆಲ್ಲ ಬೂದು. ಇದನ್ನು ನೋಡಿದ ಒಬ್ಬರು "ಋತುಗಳ ಭಾವವನ್ನು ಎಷ್ಟು ಚೆನ್ನಾಗಿ ಹಿಡಿದಿದ್ದೀರಿ" ಎಂದು ಹೊಗಳಿದರು. ನಾನು ಹೌದೆಂದು ತಲೆ ಆಡಿಸಿದೆ. ಕಾಗದ ಒದ್ದೆಯಾಗಿತ್ತು ಅಂತ ಯಾಕೆ ಹೇಳಲಿ? (ಬಾಲ್ ಪೆನ್ ಚಿತ್ರ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಗೋಡೆಗೆ ಹಾಕಬೇಡಿ. ಸ್ಕ್ಯಾನ್ ಮಾಡಿಟ್ಟು ಮೂಲವನ್ನು ಫೈಲಿನಲ್ಲಿಡಿ.)

ಮಳೆ ಬಿಡಿಸುವುದು ಇನ್ನೊಂದು ಕಷ್ಟ. ಎಲ್ಲರೂ ಓರೆ ಗೆರೆ ಹಾಕುತ್ತಾರೆ. ಕಾರವಾರದ ಕೋಡಿಬಾಗದಿಂದ ನದಿಯಾಚೆಯ ಸದಾಶಿವಗಡದ ಗುಡ್ಡ ನೋಡಿ. ಜೋರು ಮಳೆ ಬಂದಾಗ ಗೆರೆ ಎಲ್ಲೂ ಕಾಣುವುದಿಲ್ಲ, ಗುಡ್ಡವೇ ಮಾಯವಾಗುತ್ತದೆ. ಮೊದಲು ಗುಡ್ಡ, ಆಮೇಲೆ ಕಾಳಿ ನದಿಯ ಆಚೆ ದಂಡೆ, ಆಮೇಲೆ ಹತ್ತಿರದ ದೋಣಿಯ ಅರ್ಧ. ಹಾಗಾಗಿ ನನ್ನ ಮಳೆ ಚಿತ್ರದಲ್ಲಿ ಮಳೆಯ ಗೆರೆ ಇರುವುದಿಲ್ಲ. ದೂರದ ವಸ್ತುಗಳನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ.

ಮಳೆಗಾಲದಲ್ಲಿ ಒಂದು ಲಾಭವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೈತಖೋಲ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿ ನಿಂತಿರುತ್ತವೆ. ಅಲುಗಾಡದೆ ಎರಡು ತಿಂಗಳು ನಿಲ್ಲುವ ಮಾಡೆಲ್ ಬೇರೆಲ್ಲಿ ಸಿಗಬೇಕು? ಹಗ್ಗ, ಟೈರು, ಮಡಚಿಟ್ಟ ಬಲೆ ಎಲ್ಲ ಅಲ್ಲೇ ಕೂತು ಕಲಿತೆ. ನೌಕಾನೆಲೆಯ ಕಡೆ ಮಾತ್ರ ಸ್ಕೆಚ್ ಪುಸ್ತಕ ತೆಗೆಯಬೇಡಿ, ಸುಮ್ನೆ ತಲೆನೋವು.

ಮಾರ್ಕೆಟ್ಟಿನ ಜನ ಹಾಗೆ ನಿಲ್ಲುವುದಿಲ್ಲ. ಅಲ್ಲಿ ಅರ್ಧ ನಿಮಿಷದ ಚಿತ್ರಗಳನ್ನೇ ಬಿಡಿಸುತ್ತೇನೆ. ಬೆನ್ನಿನ ಒಂದು ಬಾಗು, ಮೊಣಕಾಲು, ಬುಟ್ಟಿಯ ಗುಂಡು. ಮುಖ ಬಿಡಿಸಲು ಹೊತ್ತೇ ಸಿಗದ ಕಾರಣ ನನ್ನ ಜನರಿಗೆ ಕಣ್ಣು ಮೂಗು ಇಲ್ಲದೇ ಹೋಯಿತು. ಮನೆಯಲ್ಲಿ ಆರಾಮಾಗಿ ಬಿಡಿಸುವಾಗಲೂ ಈಗ ಮುಖ ಹಾಕಲು ಮನಸ್ಸು ಬರುವುದಿಲ್ಲ. ಮೊದಲ ದಿನ ಒಬ್ಬ ಅಕ್ಕ, "ಎಂತ ಬರೀತ್ರಿ? ಮೊದ್ಲು ಮೀನು ತಗೊಳ್ಳಿ" ಅಂದಿದ್ದರು. ಅದು ನ್ಯಾಯ. ಸಿರ್ಸಿ ಮನೆಯಲ್ಲಿ ಮೀನು ಹತ್ತಿರ ಬರುವಂತಿಲ್ಲ. ತಗೊಂಡ ತಾರ್ಲೆ ಮೀನನ್ನೆಲ್ಲ ಪಕ್ಕದ ಮನೆಯವರಿಗೆ ಕೊಟ್ಟು ಬಂದೆ. ಅವರಿಗೆ ನನ್ನ ಚಿತ್ರಕಲೆಯ ಮೇಲೆ ಭಾರಿ ಪ್ರೀತಿ. ಕೇಳಿ ಬಿಡಿಸಿ, ಬಿಡಿಸಿದ್ದನ್ನು ತೋರಿಸಿ. ಬೇಡ ಅಂದವರದ್ದು ಬೇಡ.

ಇನ್ನು ನಮ್ಮ ನೆಲದ ಕಲೆಯ ಮಾತು. "ಸ್ವಂತ ಶೈಲಿ ಬೇಕಾದರೆ ನಮ್ಮ ಜಾನಪದ ತಗೊಳ್ಳಿ" ಅಂತ ಸಲಹೆ ಕೊಡುವವರು ತುಂಬ ಜನ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ನಮ್ಮ ಕಡೆ ಎರಡು ದೊಡ್ಡ ಪರಂಪರೆ ಇವೆ. ಒಂದು ಹಸೆ ಚಿತ್ತಾರ. ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಎಳೆಯುವ ಗೆರೆ. ಇನ್ನೊಂದು ಕಾವಿ ಕಲೆ. ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಒಣಗುವ ಮೊದಲೇ ಚೂಪು ಮೊನೆಯಿಂದ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಸಿರ್ಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯಲ್ಲಿ ನೋಡಬಹುದು. ಕೊಂಕಣ ಕರಾವಳಿಯ ಹಳೆಯ ಗುಡಿಗಳಲ್ಲೂ ಇದೆ. ಈಗ ಚಿತ್ತಾರದ ಎಳೆಗಳನ್ನು ಎತ್ತಿ ಮದುವೆ ಕಾಗದದ ಅಂಚಿಗೆ ಹಾಕಿ "ನನ್ನ ಸ್ಟೈಲ್" ಅನ್ನುವವರಿದ್ದಾರೆ. ಮಾರಿಯೊನ ನಕಲು ಮಾಡಿದರೆ ಒಬ್ಬರದ್ದು, ಇದಾದರೆ ಒಂದು ಸಮುದಾಯದ ಅಜ್ಜಿಯಂದಿರದ್ದು. ನಕಲು ನಕಲೇ ಅಲ್ವಾ?

ಆದರೂ ಕಾವಿ ಚಿತ್ರಗಳ ಮುಂದೆ ನಿಂತು ನಾನು ಒಂದು ವಿಷಯ ಕಲಿತೆ. ಅಲ್ಲಿರುವುದು ಎರಡೇ ಬಣ್ಣ. ಶೇಡಿಂಗ್ ಇಲ್ಲ. ಬಿಳಿ ಅನ್ನುವುದು ಮೇಲಿಂದ ಹಚ್ಚಿದ್ದಲ್ಲ, ಅಡಿಯಲ್ಲೇ ಇದ್ದದ್ದು. ನನ್ನ ಅಡಿಕೆ ಕಾಂಡದ ಬಿಳಿಗೂ ಇದಕ್ಕೂ ನಂಟು ಇದೆ ಅನ್ನಿಸಿತು. ಆಕಾರ, ಹೂವು, ಬಳ್ಳಿ ಯಾವುದನ್ನೂ ತರಲಿಲ್ಲ. ಬಿಳಿಯನ್ನು ಕಾಪಾಡುವ ಧೈರ್ಯ ಮಾತ್ರ ತಂದೆ. ಖಾಲಿ ಜಾಗ ಕಂಡರೆ ಏನಾದರೂ ತುಂಬುವ ನನ್ನ ಚಟ ಅಲ್ಲಿಂದ ಸ್ವಲ್ಪ ಕಡಿಮೆಯಾಯಿತು.

ಪರಂಪರೆಯ ಒಳಗಿದ್ದೇ ತಮ್ಮದು ಅನ್ನುವಂತಾಗುವುದು ಹೇಗೆ ಎಂಬುದಕ್ಕೆ ನಮಗೆ ಆಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆ ಮತ್ತು ಕೆರೆಮನೆ ಶಂಭು ಹೆಗಡೆ ಇಬ್ಬರೂ ಹೊನ್ನಾವರ ತಾಲೂಕಿನವರು, ಇಬ್ಬರದ್ದೂ ಬಡಗುತಿಟ್ಟು, ಅಂದರೆ ಯಕ್ಷಗಾನದ ಬಡಗಿನ (ಉತ್ತರದ) ಶೈಲಿ. ಚಿಟ್ಟಾಣಿಯವರ ಭಸ್ಮಾಸುರನಲ್ಲಿ ಮೈಯ ಒಂದೊಂದು ಭಾಗವೂ ಕುಣಿಯುತ್ತಿತ್ತು. ಶಂಭು ಹೆಗಡೆಯವರದ್ದು ಅಳೆದು ತೂಗಿದ ಅಭಿನಯ. ಅವರು ದಿಲ್ಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆಯನ್ನೂ ಕಲಿತು ಬಂದವರು. ಅದೇ ಪದ್ಯ, ಅದೇ ತಾಳ, ವೇಷವೂ ಅದೇ. ನೋಡುವವನಿಗೆ ಮಾತ್ರ ಒಂದು ಕ್ಷಣದಲ್ಲಿ ಯಾರೆಂದು ಗೊತ್ತಾಗುತ್ತಿತ್ತು. ಯಾರದ್ದು ಮೇಲು ಅಂತ ನಮ್ಮ ಮನೆಯ ಜಗಲಿಯಲ್ಲಿ ಆಗುತ್ತಿದ್ದ ಜಗಳಕ್ಕೆ ಕೊನೆಯೇ ಇರಲಿಲ್ಲ. ವ್ಯತ್ಯಾಸ ಇರುವುದು ಮೈಯಲ್ಲಿ. ಗೆರೆಯೂ ಹಾಗೇ, ಅದು ಮೊಣಕೈಯಿಂದ, ಭುಜದಿಂದ ಬರುತ್ತದೆ. ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಗೆರೆಯ ಲಯ ತಿಳಿಯಲೆಂದು ಕಥಕ್ ಕಲಿತಿದ್ದರಂತೆ. ನಾನು ಅಷ್ಟು ದೂರ ಹೋಗಲಿಲ್ಲ. ಕೂತು ಬಿಡಿಸುವುದನ್ನು ಬಿಟ್ಟು ಬೋರ್ಡಿಗೆ ಕಾಗದ ಹಚ್ಚಿ ನಿಂತು ಬಿಡಿಸಲು ಶುರು ಮಾಡಿದೆ. ಅದರಿಂದಲೇ ಉದ್ದನೆಯ ಕಾಂಡದ ಗೆರೆ ನಡುಗದೆ ಬಂತು.

ಕಾರವಾರದವರಿಗೆ ರವೀಂದ್ರನಾಥ ಟಾಗೋರರು ಅಂದರೆ ಕಡಲತೀರದ ಹೆಸರು. ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ಉಳಿದಿದ್ದರು, ಇಲ್ಲಿ ನಾಟಕವನ್ನೂ ಬರೆದರು. ಅವರ ಚಿತ್ರಗಳ ಕಥೆ ಅದಕ್ಕಿಂತ ತುಂಬ ಆಮೇಲಿನದು. ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋದರು. ಅವು ವಿಚಿತ್ರ ಪ್ರಾಣಿ, ಹಕ್ಕಿ, ಮುಖಗಳಾದವು. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಪ್ರದರ್ಶನ ಆದಾಗ ಅವರಿಗೆ 69 ವರ್ಷ. ಚಿತ್ರಶಾಲೆಯ ತರಬೇತಿ ಇಲ್ಲದ ಕೈ. ಬೇಡವಾದ ಶಬ್ದವನ್ನು ಮುಚ್ಚಬೇಕು ಎಂಬ ತೊಂದರೆಯೇ ಅವರಿಗೆ ಗೆರೆ ಕೊಟ್ಟಿತು. ನನಗೆ ಇದು ಬಹಳ ಇಷ್ಟವಾದ ಸಂಗತಿ, ಬಂದವರಿಗೆಲ್ಲ ಹೇಳುತ್ತಿರುತ್ತೇನೆ.

ಗಿರಾಕಿಗಳ ವಿಷಯ ಬೇಗ ಮುಗಿಸುತ್ತೇನೆ. "ಆ ಇನ್‌ಸ್ಟಾಗ್ರಾಂನವರ ಹಾಗೇ ಮಾಡಿಕೊಡಿ" ಅಂತ ಬಂದರೆ ಅವರ ಹತ್ತಿರವೇ ಕಳಿಸುತ್ತೇನೆ. 2025ರಲ್ಲಿ ಎಲ್ಲರ ಮನೆಯ ಫೋಟೊಗಳೂ ಎಐನಿಂದ ಒಂದೇ ವಾರದಲ್ಲಿ ಜಪಾನಿ ಕಾರ್ಟೂನ್ ಆದದ್ದು ನೆನಪಿದೆಯಲ್ಲ? ಬೇರೆಯವರ ಶೈಲಿ ಈಗ ಒಂದು ಬಟನ್ನಿಗೆ ಸಿಗುತ್ತದೆ. ಅದಕ್ಕೆ ನನಗೆ ದುಡ್ಡು ಯಾಕೆ ಕೊಡಬೇಕು? ನನ್ನ ಹತ್ತಿರ ಬರುವವರು ಅವರ ಮನೆಯ ತೋಟ, ಅವರ ಮನೆಯ ಜಗಲಿ ಬೇಕು ಅಂತ ಬರುತ್ತಾರೆ. ಮದುವೆ ಕಾಗದವಾದರೂ ಒಮ್ಮೆ ಮನೆ ನೋಡಿ ಬಂದೇ ಬಿಡಿಸುವುದು. ಊಟ ಗ್ಯಾರಂಟಿ.

ಒಂದು ಕಸರತ್ತು ಮಾತ್ರ ಎಲ್ಲರಿಗೂ ಹೇಳುತ್ತೇನೆ. ವರ್ಷಕ್ಕೊಮ್ಮೆ ಚಿತ್ರಗಳನ್ನೆಲ್ಲ ನೆಲದ ಮೇಲೆ ಹರಡಿ. ಮೆಚ್ಚುಗೆ ಪಡೆದವು, ಪಡೆಯದವು ಅಂತ ನೋಡಬೇಡಿ. ಯೋಚಿಸದೆ ಕೈ ತಾನಾಗಿ ಮಾಡಿದ್ದು ಯಾವುದರಲ್ಲಿದೆ ನೋಡಿ. ಫೋನಿನ ಮೇಲೆ ಮಾತಾಡುತ್ತಾ ಬಿಲ್ಲಿನ ಹಿಂದೆ ಗೀಚಿದ್ದನ್ನೂ ಸೇರಿಸಿ. ನನ್ನ ಗೀಚು ಎಲೆಗಳು ಮೊದಲು ಕಂಡದ್ದು ಕಚೇರಿಯ ಹಳೆಯ ಕ್ಯಾಲೆಂಡರಿನ ಅಂಚಿನಲ್ಲಿ.

ಈಗಿನ ತೊಂದರೆ ಬೇರೆ. ನಾನು ನನ್ನನ್ನೇ ನಕಲು ಮಾಡುತ್ತಿದ್ದೇನೆ. ಬಿಳಿ ಕಾಂಡ ಹಾಕಿದರೆ ಚಿತ್ರ ಗೆಲ್ಲುತ್ತದೆ ಅಂತ ಕೈಗೆ ಗೊತ್ತಾಗಿಬಿಟ್ಟಿದೆ. ಕುಮಟಾದ ತೆಂಗಿನ ತೋಟಕ್ಕೂ ಅದನ್ನೇ ಹಾಕಿಬಿಟ್ಟಿದ್ದೆ. ತೆಂಗು ನೆಟ್ಟಗೆ ನಿಲ್ಲುವ ಮರವಲ್ಲ, ಬಾಗುತ್ತದೆ, ಕಡಲ ಬೆಳಕು ಅದರ ಮೇಲೆ ಪಕ್ಕದಿಂದ ಬೀಳುತ್ತದೆ. ಹಾಗಾಗಿ ಸದ್ಯ ನಿಬ್ಬನ್ನು ಬದಿಗಿಟ್ಟು ಬಿದಿರಿನ ಕಡ್ಡಿಯನ್ನು ಓರೆಯಾಗಿ ಕೆತ್ತಿ ಇಂಕಿನಲ್ಲಿ ಅದ್ದಿ ಬಿಡಿಸುತ್ತಿದ್ದೇನೆ. ಅದರಲ್ಲಿ ಸಣ್ಣ ಗೀಚು ಬರುವುದಿಲ್ಲ. ಬಿಳಿ ಉಳಿಸುವುದೂ ಕಷ್ಟ, ಎಲ್ಲಿ ಬೇಕಾದರೂ ಹನಿ ಬೀಳುತ್ತದೆ. ಬಂಗಡೆ, ಇಸವಾಣ ಚೆನ್ನಾಗಿ ಬರುತ್ತಿವೆ, ದೋಣಿ ಪರವಾಗಿಲ್ಲ. ತೆಂಗಿನ ಮರ ಇನ್ನೂ ಕೂತಿಲ್ಲ. ಕಡ್ಡಿಯ ಮೊನೆ ಇನ್ನೂ ಅಗಲ ಕೆತ್ತಿದರೆ ಒಂದೇ ಎಳೆತದಲ್ಲಿ ಇಡೀ ಕಾಂಡ ಬರಬಹುದು. ಈ ಭಾನುವಾರ ಅದನ್ನೇ ನೋಡಬೇಕು.